ಬೇಟೆಯ ನಾಯಿ ಮತ್ತು ಕಾಡಂಚಿನ ಮನೆ

(ಮಲೆನಾಡಿನ ಹಳ್ಳಿಗರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಪರಿಸರ ಶಿಬಿರದ ಉಪನ್ಯಾಸದ ಬರಹರೂಪ)



ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನಶಿಲೆಯೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನನ್ನು ಗಂಗದೊರೆ ಇಮ್ಮಡಿ ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಂದನ್ನೊಂದು ಕೊಂದುಕೊಂಡವು. ನಾಯಿಯ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕನ್ನಡಿಗರು ನಾಯಿಯೊಂದಕ್ಕೆ ಸಲ್ಲಿಸಿದ ಗೌರವಗಳಲ್ಲಿ ಇದಕ್ಕೆ ಸಮನಾದುದು ಬೇರೊಂದಿರಲಾರದು.

ಈ ಶಾಸನವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಕಾಳಿಯ ಯಾವ ಗುಣಕ್ಕಾಗಿ ಕಲ್ಲು ನೆಟ್ಟರೋ ಅದೇ ಗುಣ ಇಂದು ಮಲೆನಾಡಿನ ಕಾಡಂಚಿನ ಅನೇಕ ಮನೆಗಳ ನಾಯಿಗಳಲ್ಲಿ ಹಾಗೆಯೇ ಉಳಿದುಕೊಂಡಿದೆ. ಸಾವಿರ ವರ್ಷಗಳಲ್ಲಿ ನಾಯಿ ಬದಲಾಗಲಿಲ್ಲ. ಕಾಡು ಬದಲಾಯಿತು, ಕಾನೂನು ಬದಲಾಯಿತು, ಕಾಡಿನಲ್ಲಿ ಉಳಿದಿರುವ ಪ್ರಾಣಿಗಳ ಸಂಖ್ಯೆ ಬದಲಾಯಿತು. ಬೇಟೆಯನ್ನು ನಿಲ್ಲಿಸಿರುವ ಮನೆಯಲ್ಲಿ ಬೇಟೆಯ ನಾಯಿ ಹುಟ್ಟುತ್ತಲೇ ಇದೆ. ಅದರೊಡನೆ ಬಾಳುವುದು ಹೇಗೆ ಎಂಬುದು ಇಂದಿನ ವಿಷಯ.

ಹಿಂದಿನ ಮಲೆನಾಡಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಳು ಸೋಹುವವರು ಒಂದು ಕಡೆಯಿಂದ ಕೂಗುತ್ತ ನುಗ್ಗುವುದು, ನಾಯಿಗಳು ವಾಸನೆ ಹಿಡಿದು ಮಿಗವನ್ನು ಎಬ್ಬಿಸುವುದು, ಕೋವಿ ಹಿಡಿದವರು ಅದು ಹಾಯುವ ದಾರಿಯಲ್ಲಿ ಕಾದಿರುವುದು, ಇದು ಊರಿಗೆ ಊರೇ ಸೇರಿ ನಡೆಸುತ್ತಿದ್ದ ಕೆಲಸವಾಗಿತ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು ನಾಯಿಗುತ್ತಿಯನ್ನೂ ಅವನ ಹುಲಿಯನನ್ನೂ ಮರೆಯಲಾರರು. ಅಲ್ಲಿ ನಾಯಿಯ ಹೆಸರು ಮನುಷ್ಯನಿಗೆ ಅಂಟಿಕೊಂಡಿದೆ. ನಾಯಿಗೆ ಅಂದು ಕೆಲಸವಿತ್ತು, ಕೆಲಸಕ್ಕೆ ಮಿತಿಯೂ ಇತ್ತು. ಬೇಟೆಗೆ ಹೋಗುವ ದಿನ ಬಿಡುತ್ತಿದ್ದರು, ಉಳಿದ ದಿನ ಅದು ಒಡೆಯನ ಹಿಂದೆ ಗದ್ದೆಗೆ ಹೋಗಿ ಬರುತ್ತಿತ್ತು. ಇಂದು ಒಡೆಯ ಬೈಕು ಹತ್ತಿ ಪೇಟೆಗೆ ಹೋಗುತ್ತಾನೆ. ಮಕ್ಕಳು ಶಾಲೆಗೆ ಹೋಗುತ್ತಾರೆ. ನಾಯಿ ದಿನವಿಡೀ ಅಂಗಳದಲ್ಲಿ ಏಕಾಂಗಿ. ಹಿಂದಿನ ಸೊಪ್ಪಿನಬೆಟ್ಟದಿಂದ ಗಾಳಿ ಬೀಸಿದಾಗಲೆಲ್ಲ ಅದರ ಮೂಗು ಎದ್ದು ನಿಲ್ಲುತ್ತದೆ.

ನಾಯಿಯ ಬೇಟೆಯ ಪ್ರವೃತ್ತಿ ಎಂದರೇನು? ಅದು ಒಂದೇ ಗುಣವಲ್ಲ, ಸಾಲಾಗಿ ಜೋಡಿಸಿದ ಅನೇಕ ವರ್ತನೆಗಳ ಸರಣಿ. ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ಅವರು ಇದನ್ನು ಸ್ಪಷ್ಟವಾಗಿ ವಿವರಿಸಿದ್ದಾರೆ. ತೋಳದಲ್ಲಿ ಈ ಸರಣಿ ಪೂರ್ಣವಾಗಿರುತ್ತದೆ: ಗಮನಿಸುವುದು, ದಿಟ್ಟಿಸುವುದು, ಹೊಂಚುತ್ತ ಸಾಗುವುದು, ಅಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು, ಸಿಗಿಯುವುದು, ತಿನ್ನುವುದು. ಮನುಷ್ಯನು ನಾಯಿಯ ತಳಿಗಳನ್ನು ರೂಪಿಸುವಾಗ ಈ ಸರಪಳಿಯ ಕೆಲವು ಕೊಂಡಿಗಳನ್ನು ಬಲಪಡಿಸಿದ, ಕೆಲವನ್ನು ಸಡಿಲಿಸಿದ. ಕುರಿ ಅಟ್ಟುವ ಬಾರ್ಡರ್ ಕೋಲಿಗೆ ದಿಟ್ಟಿಸುವುದೂ ಅಟ್ಟುವುದೂ ಬಲವಾಗಿವೆ, ಕಚ್ಚುವುದು ದುರ್ಬಲವಾಗಿದೆ. ಹೊಡೆದ ಹಕ್ಕಿಯನ್ನು ತಂದುಕೊಡುವ ಲ್ಯಾಬ್ರಡಾರ್ ಮೆತ್ತಗೆ ಕಚ್ಚಿ ಹಿಡಿಯುತ್ತದೆ, ಸಿಗಿಯುವುದಿಲ್ಲ. ಪೊದೆಗೆ ನುಗ್ಗಿ ಹಕ್ಕಿಗಳನ್ನು ಎಬ್ಬಿಸಲೆಂದೇ ಸ್ಪೇನಿಯಲ್ ತಳಿ ಬೆಳೆದುಬಂದಿತು. ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಬರುವ ಕಿವಿ ಆ ಜಾತಿಯದು. ಮೊಲದ ಜಾಡು ಹಿಡಿಯಲೆಂದು ಗುಂಪಿನಲ್ಲಿ ಸಾಕಿದ ಬೀಗಲ್, ಮೂಗು ನೆಲಕ್ಕಿಟ್ಟಿತೆಂದರೆ ಕಿವಿ ಕೇಳದ ನಾಯಿ. ಮಂದೆ ಕಾಯುವ ಹಿಮಾಲಯದ ನಾಯಿಗಳಲ್ಲಿ ಈ ಸರಣಿಯೇ ಬಹುಮಟ್ಟಿಗೆ ಮಸುಕಾಗಿರುತ್ತದೆ. ಇಲ್ಲದಿದ್ದರೆ ಅವುಗಳ ನಡುವೆ ಕುರಿಮರಿ ಬದುಕುತ್ತಿರಲಿಲ್ಲ.

ಕರ್ನಾಟಕದ ಹೆಮ್ಮೆಯ ಮುಧೋಳ ನಾಯಿಯನ್ನು ನೋಡಿ. ಬಾಗಲಕೋಟೆ ಸೀಮೆಯ ಬಯಲಿನಲ್ಲಿ, ಕಣ್ಣಿಗೆ ಬಿದ್ದ ಮೊಲವನ್ನು ಓಡಿ ಹಿಡಿಯಲು ಹುಟ್ಟಿದ ದೇಹವದು: ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು, ತೆಳು ಚರ್ಮ. ಮುಧೋಳದ ಘೋರ್ಪಡೆ ಅರಸರು ಅದಕ್ಕೆ ಆಶ್ರಯ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. ಇಷ್ಟೆಲ್ಲ ಕೀರ್ತಿ ಬಂದಮೇಲೆ ಮಲೆನಾಡಿನ ತೋಟದ ಮನೆಗಳಿಗೂ ಹೋಂಸ್ಟೇಗಳಿಗೂ ಮುಧೋಳದ ಮರಿಗಳು ಬರತೊಡಗಿವೆ. ಬಯಲಿನ ಓಟಗಾರನಿಗೆ ಇಲ್ಲಿ ಸಿಗುವುದು ಮುಳ್ಳುತಂತಿ, ಅಗಳು, ಕಡಿದಾದ ದರೆ. ಓಡುವಾಗ ಅದು ಮಿಗವನ್ನು ಮಾತ್ರ ನೋಡುತ್ತದೆ, ತಂತಿಯನ್ನು ನೋಡುವುದಿಲ್ಲ. ತೆಳುಚರ್ಮದ ಆ ನಾಯಿಗಳ ಮೈಯಲ್ಲಿ ಹೊಲಿಗೆಯ ಗುರುತುಗಳಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ನಾಯಿಯ ಅಂದಕ್ಕೆ ಮಾರುಹೋಗಿ, ಅದು ಯಾವ ನೆಲಕ್ಕೆ ಹುಟ್ಟಿದ್ದೆಂದು ಯೋಚಿಸದೆ ತರುವುದು ಮಳೆನಾಡಿನಲ್ಲಿ ಬಯಲುಸೀಮೆಯ ಬೆಳೆ ಹಾಕಿದಂತೆಯೇ.

ಇನ್ನು ಊರನಾಯಿ. ‘ಕಂತ್ರಿ’ ಎಂದು ಹೀನಾಯವಾಗಿ ಕರೆಸಿಕೊಳ್ಳುವ ಈ ನಾಯಿಯಲ್ಲಿ ಯಾರೂ ಯಾವ ಕೊಂಡಿಯನ್ನೂ ಉದ್ದೇಶಪೂರ್ವಕವಾಗಿ ಸಡಿಲಿಸಿಲ್ಲ. ಆದ್ದರಿಂದಲೇ ಒಂದೇ ಸೂಲಿನ ಐದು ಮರಿಗಳಲ್ಲಿ ಒಂದು ಒಲೆಯ ಬುಡ ಬಿಟ್ಟು ಏಳದ ಸೋಮಾರಿಯಾಗಬಹುದು, ಇನ್ನೊಂದು ಆರು ತಿಂಗಳಿಗೇ ಉಡವನ್ನು ಬಿಲದಿಂದ ಎಳೆಯಬಹುದು.

ಈ ಪ್ರವೃತ್ತಿಯ ಕುರಿತು ಹಳ್ಳಿಗಳಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಪರಿಶೀಲಿಸದೆ ಮುಂದೆ ಹೋಗುವಂತಿಲ್ಲ. ಮೊದಲನೆಯದು, ಹೊಟ್ಟೆ ತುಂಬ ಅನ್ನ ಹಾಕಿದರೆ ನಾಯಿ ಬೇಟೆಗೆ ಹೋಗುವುದಿಲ್ಲ ಎಂಬುದು. ಹಸಿವು ಬೇರೆ, ಬೇಟೆ ಬೇರೆ. ಹುಡುಕುವ, ನಿರೀಕ್ಷಿಸುವ, ಬೆನ್ನಟ್ಟುವ ಕ್ರಿಯೆಗಳಿಗೆ ಸಸ್ತನಿಗಳ ಮಿದುಳಿನಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆಯೆಂದು ನರವಿಜ್ಞಾನಿ ಯಾಕ್ ಪಾಂಕ್ಸೆಪ್ ತೋರಿಸಿದರು. ಡೋಪಮಿನ್ ಎಂಬ ರಾಸಾಯನಿಕ ಅದರ ಚಾಲಕಶಕ್ತಿ. ಅಂದರೆ ಓಟವೇ ನಾಯಿಗೆ ಬಹುಮಾನ. ಮಿಗ ಸಿಕ್ಕದಿದ್ದರೂ ಬಹುಮಾನ ಸಿಕ್ಕಿರುತ್ತದೆ. ಚೆನ್ನಾಗಿ ಉಂಡ ನಾಯಿಗೆ ಇನ್ನೂ ಎರಡು ಗುಡ್ಡ ಹೆಚ್ಚಾಗಿ ಓಡುವ ಕಸುವು ಬರುತ್ತದೆ, ಅಷ್ಟೆ. ಹಾಗೆಂದು ಅನ್ನ ಕಡಿಮೆ ಮಾಡಿದರೆ ಅದು ಕೊಂದದ್ದನ್ನು ತಿನ್ನಲೂ ಕಲಿಯುತ್ತದೆ.

ಎರಡನೆಯದು, ರಕ್ತದ ರುಚಿ ಕಂಡ ನಾಯಿ ಕೆಡುತ್ತದೆ, ಆದ್ದರಿಂದ ಮಾಂಸ ಹಾಕಬಾರದು ಎಂಬ ಮಾತು. ಜೀವಮಾನವಿಡೀ ಮಜ್ಜಿಗೆ ಅನ್ನ ಉಂಡ ನಾಯಿಯೂ ಅಳಿಲಿನ ಹಿಂದೆ ಓಡುತ್ತದೆ. ಅದನ್ನು ಕೆರಳಿಸುವುದು ರುಚಿಯಲ್ಲ, ಚಲನೆ ಮತ್ತು ವಾಸನೆ. ಆದರೆ ಈ ನಂಬಿಕೆಯ ಒಳಗೊಂದು ಸತ್ಯವಿದೆ. ಒಮ್ಮೆ ಅಟ್ಟಿ ಕೊಂದ ನಾಯಿ ಮುಂದಿನ ಸಲ ಹೆಚ್ಚು ನಿಶ್ಚಯದಿಂದ ಹೋಗುತ್ತದೆ. ಅಭ್ಯಾಸದಿಂದ ಕಲೆ ಬೆಳೆಯುವಂತೆ.

ಮೂರನೆಯದು, ಏಟು. ಕೋಳಿ ಕೊಂದ ನಾಯಿಯ ಕೊರಳಿಗೆ ಸತ್ತ ಕೋಳಿಯನ್ನು ಕಟ್ಟುವುದು, ಕಾಡಿನಿಂದ ಸಂಜೆ ಮರಳಿದ ನಾಯಿಯನ್ನು ಕಂಬಕ್ಕೆ ಕಟ್ಟಿ ಬಡಿಯುವುದು, ಇವು ಹಲವೆಡೆ ನಡೆಯುತ್ತವೆ. ನಾಯಿ ಒಂದು ಪರಿಣಾಮವನ್ನು ತಾನು ಆ ಕ್ಷಣ ಮಾಡುತ್ತಿರುವ ಕೆಲಸಕ್ಕೆ ಜೋಡಿಸುತ್ತದೆ. ಸಂಜೆ ಬಿದ್ದ ಏಟು ಬೆಳಗ್ಗಿನ ಕಾಡುಕುರಿಗೆ ತಾಳೆಯಾಗುವುದಿಲ್ಲ. ಅದಕ್ಕೆ ತಿಳಿಯುವುದು ಇಷ್ಟೇ: ಮನೆಗೆ ಮರಳಿದರೆ ಪೆಟ್ಟು. ಮರುದಿನ ಅದು ಓಡುವುದನ್ನು ಬಿಡುವುದಿಲ್ಲ, ಮರಳುವುದನ್ನು ತಡಮಾಡುತ್ತದೆ. ನಾಯಿ ಎರಡು ದಿನ ಮನೆಗೇ ಬರಲಿಲ್ಲವೆಂದು ದೂರುವ ಮನೆಗಳಲ್ಲಿ ಮೊದಲು ವಿಚಾರಿಸಬೇಕಾದುದು ಈ ಸಂಗತಿಯನ್ನು.

ಬೀಜ ತೆಗೆಸಿದರೆ ಬೇಟೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಹೆಣ್ಣನ್ನು ಅರಸಿ ಅಲೆಯುವುದು ಕಡಿಮೆಯಾಗುತ್ತದೆ, ಬೇಡದ ಮರಿಗಳು ಹುಟ್ಟುವುದಿಲ್ಲ. ಅದಕ್ಕಾಗಿ ಮಾಡಿಸಲೇಬೇಕು. ಬೇಟೆ ಮಾತ್ರ ಅದರಿಂದ ನಿಲ್ಲದು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮೊಲವನ್ನು ಅಟ್ಟುವ ನಾಯಿಗೆ ಮೊಲದ ಮೇಲೆ ಕೋಪವಿಲ್ಲ. ಕೋಪದಿಂದ ಕಚ್ಚುವ ವರ್ತನೆ ಬೇರೆಯದೇ ನರಮಾರ್ಗದ್ದು. ಕಾಡಿನಲ್ಲಿ ನಿರ್ದಯವಾಗಿ ಕೊಲ್ಲುವ ನಾಯಿ ಮನೆಯ ತೊಟ್ಟಿಲಿನ ಪಕ್ಕ ಕಾವಲು ಮಲಗುವುದು ಸೋಗಲ್ಲ. ಆದರೆ ಓಡುವ ವಸ್ತು ಅದನ್ನು ಕೆರಳಿಸುತ್ತದೆಂಬುದು ನೆನಪಿರಬೇಕು. ಕಿರಿಚುತ್ತ ಓಡುವ ಪುಟ್ಟ ಮಗು, ಸೈಕಲ್ಲು, ಕಟ್ಟು ಹರಿದುಕೊಂಡ ಕರು, ಇವುಗಳ ಬಳಿ ಅಂತಹ ನಾಯಿಯನ್ನು ಒಂಟಿಯಾಗಿ ಬಿಡುವುದು ಸಲ್ಲ.

ಕಾಡಿಗೆ ಆಗುವ ನಷ್ಟ ಎಷ್ಟು? ಒಂದು ಮನೆಯ ಒಂದು ನಾಯಿ ವರ್ಷಕ್ಕೆ ನಾಲ್ಕು ಮೊಲ ಹಿಡಿದರೆ ಪ್ರಳಯವಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಲೆಕ್ಕ ಒಂದು ನಾಯಿಯದಲ್ಲ. ಹಳ್ಳಿಯ ಎಲ್ಲ ಮನೆಗಳ, ಪ್ರತಿ ದಿನದ ಲೆಕ್ಕವದು. ಜಗತ್ತಿನಾದ್ಯಂತ 11 ಕಶೇರುಕ ಪ್ರಭೇದಗಳ ಅಳಿವಿನಲ್ಲಿ ನಾಯಿಯ ಪಾತ್ರವಿದೆಯೆಂದೂ, 188 ಪ್ರಭೇದಗಳಿಗೆ ಅದರಿಂದ ಅಪಾಯವಿದೆಯೆಂದೂ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಭಾರತದಲ್ಲಿ 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನಾಯಿಗಳ ದಾಳಿಗೆ ಒಳಗಾದ 80 ಪ್ರಭೇದಗಳು ವರದಿಯಾದವು; ಅವುಗಳಲ್ಲಿ 31 ಅಪಾಯದ ಪಟ್ಟಿಯಲ್ಲಿರುವಂಥವು.

ಮಲೆನಾಡಿನ ಮಟ್ಟಿಗೆ ಹೇಳುವುದಾದರೆ, ಬರ್ಕದಂತಹ ಪ್ರಾಣಿಯ ಸ್ಥಿತಿ ಕಷ್ಟದ್ದು. ಮೂರು ಕಿಲೋ ತೂಗುವ ಈ ಪುಟ್ಟ ಜೀವಿಯ ರಕ್ಷಣೆಯೆಂದರೆ ಅಲುಗಾಡದೆ ತರಗೆಲೆಯ ಬಣ್ಣದಲ್ಲಿ ಬೆರೆತು ನಿಲ್ಲುವುದು. ಕಣ್ಣಿನಿಂದ ಬೇಟೆಯಾಡುವ ಶತ್ರುವಿಗೆ ಅದು ಸಾಕು. ಮೂಗಿನಿಂದ ಬರುವ ನಾಯಿಗೆ ಸಾಲದು. ಚಿಪ್ಪುಹಂದಿ ಉಂಡೆಯಾಗಿ ಸುತ್ತಿಕೊಂಡರೆ ನಾಯಿಗೆ ಅದನ್ನು ಬಿಡಿಸಲಾಗುವುದಿಲ್ಲ, ಆದರೆ ನಾಯಿಯ ಬೊಗಳು ಮನುಷ್ಯನನ್ನು ಅಲ್ಲಿಗೆ ಕರೆತರುತ್ತದೆ. ಫೆಬ್ರವರಿಯಿಂದ ಮಳೆಗಾಲದವರೆಗೆ ಕಾಡುಕೋಳಿಯೂ ನತ್ತಿಂಗವೂ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಇವೆಲ್ಲಕ್ಕಿಂತ ಕಣ್ಣಿಗೆ ಕಾಣದ ಹಾನಿಯೊಂದಿದೆ. ನಾಯಿಗಳು ಬಹುದೂರ ಅಟ್ಟಿದ ಜಿಂಕೆ ಅಥವಾ ಕಾಡುಕುರಿ ತಪ್ಪಿಸಿಕೊಂಡರೂ, ಅತಿಯಾದ ದಣಿವು ಮತ್ತು ಭಯದಿಂದ ಅದರ ಸ್ನಾಯುಗಳು ಒಳಗೇ ನಾಶವಾಗಿ, ಗಂಟೆಗಳ ಅಥವಾ ದಿನಗಳ ನಂತರ ಸಾಯಬಹುದು. ನಾಯಿ ಬರಿಗೈಯಲ್ಲಿ ಬಂದಿತೆಂದು ಸಮಾಧಾನಪಡುವ ಒಡೆಯನಿಗೆ ಇದು ತಿಳಿಯುವುದೇ ಇಲ್ಲ.

ರೋಗಗಳ ವಿಷಯ ಇನ್ನೂ ಗಂಭೀರ. 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಸಿಂಹಗಳಿಗೆ ತಗುಲಿ ಸುಮಾರು ಮೂರನೆಯ ಒಂದು ಭಾಗ ಸಿಂಹಗಳು ಸತ್ತವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅಲ್ಲಿಯೂ ಅದೇ ವೈರಸ್ ಪತ್ತೆಯಾಯಿತು. ಪಶ್ಚಿಮ ಘಟ್ಟದ ಕೆನ್ನಾಯಿ, ಅಂದರೆ ಸೀಳುನಾಯಿ, ಗುಂಪಿನಲ್ಲಿ ಬಾಳುವ ಪ್ರಾಣಿ. ಒಂದಕ್ಕೆ ಹಿಡಿದ ಡಿಸ್ಟೆಂಪರ್ ಅಥವಾ ಹುಚ್ಚುರೋಗ ಇಡೀ ಗುಂಪನ್ನು ಮುಗಿಸಬಲ್ಲದು. ಕಾಡಿಗೆ ನುಗ್ಗುವ ನಾಯಿಗೆ ಲಸಿಕೆ ಹಾಕಿಸದಿರುವುದು ಮನೆಗೂ ಕಾಡಿಗೂ ಮಾಡುವ ಅನ್ಯಾಯ. ಆರರಿಂದ ಎಂಟು ವಾರದ ಮರಿಗೆ ಮೊದಲ ಲಸಿಕೆ, ನಾಲ್ಕು ತಿಂಗಳಾಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮರುಲಸಿಕೆ, ಮೂರು ತಿಂಗಳಿಗೆ ಹುಚ್ಚುರೋಗದ ಚುಚ್ಚುಮದ್ದು, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷವೂ.

ನಾಯಿಗಾಗುವ ಕೇಡನ್ನೂ ಹೇಳಬೇಕು. ಹಂದಿಯ ಕೋರೆ ಹೊಟ್ಟೆ ಸೀಳುತ್ತದೆ. ಮುಳ್ಳುಹಂದಿಯ ಮುಳ್ಳು ಮೂತಿಯಲ್ಲಿ ಮುರಿದು ಒಳಗೆ ಕೀವಾಗುತ್ತದೆ. ಹಂದಿಗೆಂದು ಒಡ್ಡಿದ ತಂತಿಯ ಉರುಳಿಗೆ ನಾಯಿಯ ಕೊರಳು ಸಿಗುತ್ತದೆ. ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆಯನ್ನು ನಾಯಿ ಕಚ್ಚುತ್ತದೆ. ಚಿರತೆಗಂತೂ ನಾಯಿ ಪ್ರಿಯವಾದ ಆಹಾರ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಚಿರತೆಗಳ ಆಹಾರವನ್ನು ಅಧ್ಯಯನ ಮಾಡಿದಾಗ ತೂಕದ ಲೆಕ್ಕದಲ್ಲಿ ಶೇ. 39ರಷ್ಟು ನಾಯಿಯೇ ಇತ್ತು. ರಾತ್ರಿ ಅಲೆಯುವ ನಾಯಿ ತಾನು ಬೇಟೆಯಾಡುತ್ತಿದ್ದೇನೆಂದು ತಿಳಿದಿರುತ್ತದೆ, ಚಿರತೆಯ ಲೆಕ್ಕ ಬೇರೆ ಇರುತ್ತದೆ.

ಕಾನೂನಿನ ಬಗ್ಗೆ ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂಬ ಪದದ ಅರ್ಥ ಕೋವಿಯಿಂದ ಕೊಲ್ಲುವುದಕ್ಕೆ ಸೀಮಿತವಾಗಿಲ್ಲ. ನಾಯಿ ಬಿಟ್ಟು ಅಟ್ಟಿಸುವುದು, ಸೋಹುವುದು, ಉರುಳೊಡ್ಡುವುದು, ಈ ಪ್ರಯತ್ನಗಳೆಲ್ಲವೂ ಬೇಟೆಯೇ. ಚಿಪ್ಪುಹಂದಿ, ಉಡಗಳು ಮೊದಲ ಅನುಸೂಚಿಯಲ್ಲಿವೆ. ನಾಯಿ ತಾನಾಗಿಯೇ ಮೊಲ ಕಚ್ಚಿ ತಂದರೆ? ಸತ್ತ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದು ಯಾರ ವಶಕ್ಕೆ ಬಂದಿತೋ ಅವರು 48 ಗಂಟೆಯೊಳಗೆ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ನಾಯಿ ತಂದದ್ದೆಂದು ಸಾರಿಗೆ ಹಾಕಿದರೆ ಅಪರಾಧ ನಾಯಿಯದಾಗಿ ಉಳಿಯುವುದಿಲ್ಲ.

ಈಗ ಇಲ್ಲಿ ಕುಳಿತಿರುವ ರೈತರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಊಹಿಸಬಹುದಾದುದೇ. ಅಡಿಕೆ, ಬಾಳೆ, ಏಲಕ್ಕಿಗೆ ಮಂಗ, ಭತ್ತಕ್ಕೆ ಹಂದಿ, ನಾಯಿಯೂ ಅಟ್ಟಬಾರದೆಂದರೆ ಬೆಳೆ ಕಾಯುವವರು ಯಾರು? ಪ್ರಶ್ನೆ ನ್ಯಾಯವಾದುದು. ಅದನ್ನು ತಳ್ಳಿಹಾಕುವ ಪರಿಸರವಾದಕ್ಕೆ ಹಳ್ಳಿಯಲ್ಲಿ ನೆಲೆಯಿಲ್ಲ.

ಆದರೆ ಬೆಳೆ ಕಾಯುವುದರಲ್ಲಿ ನಾಯಿಯ ಯಾವ ಗುಣ ಉಪಯೋಗಕ್ಕೆ ಬರುತ್ತದೆಂಬುದನ್ನು ವಿಂಗಡಿಸಿ ನೋಡಬೇಕು. ಮಂಗ ತೋಟ ಬಿಡುವುದು ನಾಯಿ ಅದನ್ನು ಹಿಡಿಯುತ್ತದೆಂದಲ್ಲ; ನೆಲಕ್ಕಿಳಿಯಲು ಧೈರ್ಯ ಸಾಲದೆ, ಬೊಗಳುವ ಸದ್ದಿನಲ್ಲಿ ನೆಮ್ಮದಿಯಿಂದ ತಿನ್ನಲಾಗದೆ. ರಾತ್ರಿ ಹಂದಿಯ ಹಿಂಡು ಗದ್ದೆಯ ಅಂಚಿನಲ್ಲಿ ತಡೆದು ನಿಲ್ಲುವುದೂ ನಾಯಿ ಹಾಗೂ ಮನುಷ್ಯರ ಸುಳಿವಿನಿಂದ. ಮೇಲೆ ಹೇಳಿದ ಸರಣಿಯಲ್ಲಿ ರೈತನಿಗೆ ಬೇಕಾದುದು ಮೊದಲಿನ ಕೊಂಡಿಗಳು: ಗಮನಿಸುವುದು, ಎಚ್ಚರಿಸುವುದು, ಬೇಲಿಯವರೆಗೆ ಅಟ್ಟುವುದು. ಬೇಲಿಯಾಚೆ ನಾಯಿ ಮಾಡುವ ಯಾವ ಕೆಲಸದಿಂದಲೂ ತೆನೆಯೊಂದು ಹೆಚ್ಚಾಗುವುದಿಲ್ಲ. ನಾಯಿ ಹಂದಿಯ ಹಿಂದೆ ಎರಡು ಮೈಲಿ ಹೋದಾಗ ಗದ್ದೆ ಕಾವಲಿಲ್ಲದೆ ಬಿದ್ದಿರುತ್ತದೆ, ಇನ್ನೊಂದು ಹಿಂಡು ಆ ಕಡೆಯಿಂದ ಇಳಿಯುತ್ತದೆ.

ಇಲ್ಲಿ ಮಲೆನಾಡಿಗರ ಬಾಯಲ್ಲಿರುವ ಒಂದು ಪುಟ್ಟ ಪದ ಬಹಳ ಕೆಲಸ ಮಾಡುತ್ತದೆ. ‘ಛೂ’ ಎಂಬುದೇ ಆ ಪದ. ಮಂಗ ಕಂಡರೂ ಛೂ, ಹಂದಿ ಕಂಡರೂ ಛೂ, ಮಕ್ಕಳು ಆಟಕ್ಕೆ ಅಳಿಲಿನ ಮೇಲೆಯೂ ಛೂ. ನಾಯಿಗೆ ಇದರಿಂದ ತಿಳಿಯುವುದು ಓಡುವುದೆಲ್ಲವೂ ಒಡೆಯನ ಶತ್ರುವೆಂದು. ಆ ಪದವನ್ನು ತೋಟದ ಬೇಲಿಯೊಳಗೆ, ಬೆಳೆಗಳ್ಳರ ಮೇಲೆ, ದೊಡ್ಡವರು ಮಾತ್ರ ಬಳಸುವ ನಿಯಮ ಮನೆಯಲ್ಲಿರಬೇಕು. ಛೂ ಎಂದ ಬೆನ್ನಿಗೇ ಮರಳಿ ಕರೆಯುವ ಸಿಳ್ಳೆಯೂ ಇರಬೇಕು.

ಕರೆಗೆ ಬರುವುದನ್ನು ಕಲಿಸುವುದೇ ಇಡೀ ವಿಷಯದ ತಿರುಳು. ಮರಿಗೆ ಎರಡು ತಿಂಗಳಾದಾಗಿನಿಂದ ಆರಂಭಿಸಬೇಕು. ನಾಲ್ಕೈದು ತಿಂಗಳವರೆಗೆ ಮರಿ ತಾನಾಗಿಯೇ ಕಾಲ ಬುಡ ಬಿಡುವುದಿಲ್ಲ, ಆಗ ಒಡೆಯನು ಇದು ಬಹಳ ವಿಧೇಯ ನಾಯಿಯೆಂದು ಮೈಮರೆಯುತ್ತಾನೆ. ಆರು ತಿಂಗಳು ಕಳೆದ ಮೇಲೆ ಅದರ ಮೂಗೂ ಕಾಲೂ ಬಲಿತು ಕಾಡು ತೆರೆದುಕೊಳ್ಳುತ್ತದೆ. ಅಲ್ಲಿಂದ ಒಂದೂವರೆ ವರ್ಷದವರೆಗಿನ ಅವಧಿ ಅತ್ಯಂತ ಎಚ್ಚರದ ಕಾಲ. ಆಗ ಬೇಟೆಯ ಯಶಸ್ಸು ಕಾಣದ ನಾಯಿಯನ್ನು ನಿಭಾಯಿಸುವುದು ಎಷ್ಟೋ ಸುಲಭ.

ಒಂದು ಸಿಳ್ಳೆಯನ್ನು ನಿಶ್ಚಯಿಸಿ, ಅದು ಕೇಳಿ ಬಂದಾಗಲೆಲ್ಲ ನಾಯಿಗೆ ಪ್ರಿಯವಾದ ತಿನಿಸು ಕೊಡಬೇಕು. ಒಣಮೀನಿನ ಚೂರು ಉತ್ತಮ. ಶಾಕಾಹಾರಿಗಳ ಮನೆಯಲ್ಲಿ ಕೊಬ್ಬರಿ ಚೂರು. ಬಹುತೇಕ ಮನೆಗಳಲ್ಲಿ ನಾಯಿಯನ್ನು ಕರೆಯುವುದು ಕಟ್ಟಿಹಾಕುವುದಕ್ಕೆ ಮಾತ್ರ. ಕರೆಯೆಂದರೆ ಸರಪಳಿಯೆಂದು ತಿಳಿದ ನಾಯಿ ಬಂದೀತೇಕೆ? ಹತ್ತು ಸಲ ಕರೆದರೆ ಒಂಬತ್ತು ಸಲ ತಿನಿಸು ಕೊಟ್ಟು ಮತ್ತೆ ಬಿಡಬೇಕು. ಸಿಳ್ಳೆಯ ಪಾಠ ಪಕ್ಕಾ ಆಗುವವರೆಗೆ, ಬೇಲಿಯಾಚೆ ಹೋಗುವಾಗಲೆಲ್ಲ ಮೂವತ್ತು ಅಡಿಯ ಹತ್ತಿಯ ಹಗ್ಗ ಕಟ್ಟಿರಬೇಕು. ನೈಲಾನ್ ಹಗ್ಗ ಕೈ ಕುಯ್ಯುತ್ತದೆ. ಹಗ್ಗ ಕಟ್ಟುವುದು ಪೇಟೆಯವರ ಫ್ಯಾಷನ್ನೆಂದು ನಗುವವರಿಗೆ ಒಂದು ಮಾಹಿತಿ: ಸೌದಿ ಅರೇಬಿಯಾದ ಶುವೈಮಿಸ್ ಮತ್ತು ಜುಬ್ಬಾ ಎಂಬಲ್ಲಿನ ಬಂಡೆಗಳಲ್ಲಿ, ಸುಮಾರು 8,000 ವರ್ಷಗಳಷ್ಟು ಹಳೆಯವೆಂದು ಅಂದಾಜಿಸಲಾದ ಬೇಟೆಯ ಚಿತ್ರಗಳಿವೆ. ಅವುಗಳಲ್ಲಿ ಕೆಲವು ನಾಯಿಗಳ ಕೊರಳಿನಿಂದ ಬೇಟೆಗಾರನ ಸೊಂಟಕ್ಕೆ ಗೆರೆ ಎಳೆದಿದೆ. ಬೇಟೆಯನ್ನೇ ನಂಬಿ ಬದುಕಿದ್ದವರೂ ನಾಯಿಯನ್ನು ಕಟ್ಟಿಯೇ ಕರೆದೊಯ್ಯುತ್ತಿದ್ದರು.

ಓಡತೊಡಗಿದ ನಾಯಿಯನ್ನು ಕೂಗುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಓಟಕ್ಕೆ ಮುಂಚೆ ಒಂದೆರಡು ಕ್ಷಣ ನಾಯಿ ಹೇಳಿಕೊಳ್ಳುತ್ತದೆ: ಕಿವಿ ಮುಂದಕ್ಕೆ ನಿಮಿರುತ್ತದೆ, ಬಾಲ ನಿಶ್ಚಲವಾಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ಮುಂಗಾಲೊಂದು ಮೇಲೇಳುತ್ತದೆ. ಸಿಳ್ಳೆ ಹಾಕಬೇಕಾದುದು ಆಗ. ಆ ಕ್ಷಣವನ್ನು ಗುರುತಿಸಲು ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಪ್ರವೃತ್ತಿಯನ್ನು ಅದುಮಿದರೆ ಸಾಲದು, ಅದಕ್ಕೆ ದಾರಿ ಬೇಕು. ಮೂಗಿನ ಕೆಲಸ ನಾಯಿಯನ್ನು ಓಟಕ್ಕಿಂತ ಚೆನ್ನಾಗಿ ದಣಿಸುತ್ತದೆ. ಅಂಗಳದ ಮೂಲೆಯ ತರಗೆಲೆ ರಾಶಿಯಲ್ಲಿ ಕೊಬ್ಬರಿ ಚೂರುಗಳನ್ನು ಅಡಗಿಸಿ ಹುಡುಕಲು ಬಿಡುವುದು, ಒಡೆಯನ ಹಳೆಯ ಟವೆಲ್ಲನ್ನು ತೋಟದಲ್ಲಿ ಬಚ್ಚಿಟ್ಟು ತರಿಸುವುದು, ದಿನಕ್ಕೆರಡು ಸಲ ಕಾಲು ಗಂಟೆ ಇಂಥ ಆಟವಿದ್ದರೆ ನಾಯಿಯ ಸ್ವಭಾವದಲ್ಲೇ ವ್ಯತ್ಯಾಸ ಕಾಣುತ್ತದೆ. ಬಿಲ ಕೆದಕುವ ಚಟದ ನಾಯಿಗೆ ಮರಳಿನ ಗುಂಡಿ ಮಾಡಿಕೊಟ್ಟರೆ ಗದ್ದೆಯ ಬದುವೂ ಉಳಿಯುತ್ತದೆ.

ತೋಟ ಕಾಯುವುದಕ್ಕೆ ತಂತಿಯ ಏರ್ಪಾಡು ಉಪಯುಕ್ತ. ಎರಡು ಕಂಬಗಳ ನಡುವೆ ತಂತಿ ಬಿಗಿದು, ಬಳೆ ಪೋಣಿಸಿ, ಸರಪಳಿಯನ್ನು ಬಳೆಗೆ ಕಟ್ಟಿದರೆ ನಾಯಿ ತೋಟದ ಅಂಚಿನ ಉದ್ದಕ್ಕೂ ಓಡಾಡಿ ಬೊಗಳಬಲ್ಲದು. ನೆರಳು, ನೀರು ಕೈಗೆಟುಕಬೇಕು. ಸರಪಳಿ ಕಂಬಕ್ಕೆ ಸುತ್ತಿಕೊಳ್ಳಬಾರದು. ಇದು ಹಗಲಿಗೆ ಮಾತ್ರ. ರಾತ್ರಿ ತಂತಿಗೆ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಡೆ. ಕತ್ತಲಾಗುವ ಮುನ್ನ ಗಟ್ಟಿ ಜಾಲರಿಯ ಗೂಡಿಗೆ ಸೇರಿಸಿದರೆ ಅಲ್ಲಿಂದಲೇ ಬೊಗಳಿ ಎಚ್ಚರಿಸುತ್ತದೆ. ಹಿಮಾಚಲದ ಗದ್ದಿ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಮೊಳೆಯುಳ್ಳ ಕಬ್ಬಿಣದ ಕೊರಳಪಟ್ಟಿ ಹಾಕುವುದುಂಟು. ತೋಟದ ನಾಯಿಗೆ ಗೂಡೇ ಮೇಲು.

ನೆರೆಹೊರೆಯವರು ಕೂಡಿ ಮಾಡಬೇಕಾದ ಕೆಲಸವೊಂದಿದೆ. ಒಂಟಿ ನಾಯಿ ಅಗಳಿನವರೆಗೆ ಹೋಗಿ ಅಳುಕಿ ಮರಳುತ್ತದೆ. ಮೂರು ಸೇರಿದರೆ ಕಡವೆಯನ್ನೂ ಬಿಡುವುದಿಲ್ಲ. ಗುಂಪಿಗೆ ಕರೆದೊಯ್ಯುವ ನಾಯಿ ಯಾವ ಮನೆಯದೆಂದು ಕೇರಿಗೆಲ್ಲ ಗೊತ್ತಿರುತ್ತದೆ. ಆ ಒಂದನ್ನು ಹಿಡಿದಿಟ್ಟರೆ ಉಳಿದವು ಬಹುಪಾಲು ಮನೆಯಲ್ಲಿಯೇ ಉಳಿಯುತ್ತವೆ. ಇದನ್ನು ಹೇಳಲು ಆ ಮನೆಗೆ ಹೋಗುವವರು ಜಗಳದ ದನಿಯಲ್ಲಿ ಹೋಗಬಾರದು. ಬೇಟೆಯ ನಾಯಿಯ ಒಡೆಯನಿಗೆ ಅದರ ಮೇಲೆ ಅಭಿಮಾನ ಹೆಚ್ಚು. ಅದು ಸತ್ತರೆ ಅತ್ತುಬಿಡುವವನೂ ಅವನೇ. ಉರುಳಿನ, ಸಿಡಿಮದ್ದಿನ ಮಾತಿನಿಂದ ಆರಂಭಿಸುವುದು ಲೇಸು.

ಬೇಸಿಗೆಯ ಎಚ್ಚರಿಕೆಯೊಂದು ಉಳಿಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಕಾಡಿನ ಉಣುಗುಗಳಿಂದ ಹರಡುತ್ತದೆಂಬುದು ಇಲ್ಲಿರುವ ಎಲ್ಲರಿಗೂ ತಿಳಿದದ್ದೇ. ಹಳುವಿನಲ್ಲಿ ಅಲೆದ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ ಉಣುಗು ಜಗಲಿಯವರೆಗೆ ಬರಬಲ್ಲದು. ಚಿಮಟದಿಂದ ಕಿತ್ತು ಸೋಪಿನ ನೀರಿಗೆ ಹಾಕಬೇಕು, ಬೆರಳಿನಿಂದ ಹಿಸುಕಬಾರದು. ಮಂಗ ಸತ್ತ ಸುದ್ದಿಯಿರುವ ಕಾನಿನ ಕಡೆಗಂತೂ ನಾಯಿಯನ್ನು ಬಿಡಲೇಬಾರದು.

ಈಗಾಗಲೇ ಬೇಟೆ ಕಲಿತಿರುವ, ಐದಾರು ವರ್ಷ ದಾಟಿದ ನಾಯಿಯನ್ನು ಏನು ಮಾಡಬೇಕೆಂದು ಶಿಬಿರಕ್ಕೆ ಬಂದ ಕೆಲವರು ಬೆಳಿಗ್ಗೆಯೇ ವಿಚಾರಿಸಿದ್ದಾರೆ. ಕಲಿತದ್ದನ್ನು ಅದು ಮರೆಯುವುದಿಲ್ಲ. ಪೇಟೆಯ ಹೊರಗೆ ಬಿಟ್ಟುಬರುವುದು, ವಿಷ ಹಾಕುವುದು ಪರಿಹಾರಗಳಲ್ಲ, ಎರಡೂ ಅಪರಾಧಗಳು ಕೂಡ. ಅಂತಹ ನಾಯಿಗೆ ಆಯುಷ್ಯವಿಡೀ ಬೇಲಿಯಾಚೆ ಹಗ್ಗ, ಹಗಲು ತಂತಿ, ರಾತ್ರಿ ಗೂಡು. ಬೆಳಿಗ್ಗೆ ಸಂಜೆ ಮನೆಯವರೊಬ್ಬರು ಹಗ್ಗ ಹಿಡಿದು ತೋಟದ ಸುತ್ತ ಕರೆದೊಯ್ದು, ಮೂಸುವಷ್ಟು ಹೊತ್ತು ಮೂಸಲು ಬಿಡಬೇಕು. ರಾತ್ರಿ ಹಂದಿ ಎಲ್ಲಿ ದಾಟಿದೆ, ಮುಳ್ಳುಹಂದಿ ಯಾವ ಬುಡ ಕೆದಕಿದೆ ಎಂಬುದನ್ನು ಅದು ನಿಂತು ತೋರಿಸುತ್ತದೆ. ಬೇಲಿಯಲ್ಲಿ ಕಂಡಿ ಎಲ್ಲಿದೆಯೆಂದು ತಿಳಿಯಲು ಇದಕ್ಕಿಂತ ಅಗ್ಗದ ಉಪಾಯ ರೈತನಿಗೆ ಇನ್ನೊಂದಿಲ್ಲ. ಹತ್ತು ವರ್ಷ ದಾಟಿ ಕಾಲು ಸೋತ ಮೇಲೂ ಮೂಗು ಸೋಲುವುದಿಲ್ಲವಾದ್ದರಿಂದ ಆ ಸುತ್ತು ಕೊನೆಯವರೆಗೂ ನಡೆಯಬಹುದು.